ಎರಡು ಹಿಡಿಯ ಇಕ್ಕಳ

ಹಳೆಯ ಹತ್ತಿ ಸೀರೆಗಳನ್ನೆಲ್ಲ ಸೇರಿಸಿ ಹಾಸಿಕೊಳ್ಳಲು ಒಂದು ಬೊಂತೆ ಹೊಲಿಸೋಣವೆಂದು ಇವತ್ತು ಬೆಳಗ್ಗೆ ಅಟ್ಟದ ಗಂಟು ಇಳಿಸಿದೆ. ನೀಲಿ ಅಂಚಿನ ಸೀರೆಯೊಂದು ಕಾಣಲಿಲ್ಲ. ಮನೆಯೆಲ್ಲ ಹುಡುಕಿದೆ. ಕೊನೆಗೆ ಅದನ್ನು ಹುಡುಕಿಕೊಟ್ಟಿದ್ದು ನನ್ನ ಮೂಗು. ಹಿತ್ತಿಲ ಕಡೆಯಿಂದ ಮಷೀನ್ ಎಣ್ಣೆಯ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ನಮ್ಮ ಯಜಮಾನರು ಮೆಟ್ಟಿಲ ಮೇಲೆ ಕೂತು, ನನ್ನ ಸೀರೆಯನ್ನು ಹರಿದು ತುಂಡು ಮಾಡಿಕೊಂಡು, ತಮ್ಮ ಇಕ್ಕಳವನ್ನು ಒರೆಸುತ್ತಿದ್ದಾರೆ. ಒರೆಸುವುದೆಂದರೆ ಬಾಣಂತಿ ಮನೆಯಲ್ಲಿ ಕೂಸಿಗೆ ಎಣ್ಣೆ ನೀವುತ್ತಾರಲ್ಲ, ಹಾಗೆ.

"ಅದು ನನ್ ಸೀರೆ" ಅಂದೆ.

"ಹಳೇದಲ್ವೇನೆ" ಅಂದರು, ತಲೆ ಎತ್ತದೆ.

ಸೀರೆ ಹಳೆಯದು, ನಿಜ. ನಾನೂ ಹಳೆಯವಳೇ. ಇಕ್ಕಳವಂತೂ ನಮ್ಮಿಬ್ಬರಿಗಿಂತ ಸವೆದದ್ದು. ಆದರೆ ಎಣ್ಣೆಯ ಉಪಚಾರ ಯಾರಿಗೆ ಸಿಕ್ಕಿತು ನೋಡಿ.

ನೀವು ಇಂಥ ಇಕ್ಕಳವನ್ನು ನೋಡಿರಲಾರಿರಿ. ಒಲೆಯ ಮೇಲಿನ ಪಾತ್ರೆ ಇಳಿಸುವ ಇಕ್ಕಳವಲ್ಲ ಇದು. ಕಬ್ಬಿಣದ್ದು, ಒಬ್ಬ ಆಳಿನುದ್ದ ಇದೆ. ನಡುವೆ ಬಾಗಿದ ಎರಡು ದವಡೆ, ಆ ಕಡೆಗೊಂದು ಹಿಡಿ, ಈ ಕಡೆಗೊಂದು ಹಿಡಿ. ಇಬ್ಬರು ಬೇಕು. ಅಲ್ಯೂಮಿನಿಯಂ ಕಾಸುವ ಕಾರ್ಖಾನೆಯಲ್ಲಿ ಕಾದ ತೊಟ್ಟಿಗಳಿಗೆ ಕರೆಂಟು ಹಾಯಿಸಲು ಕಾರ್ಬನ್ ರಾಡುಗಳನ್ನು ಇಳಿಬಿಡುತ್ತಾರಂತೆ. ಕಪ್ಪಗೆ, ತೊಡೆಯ ದಪ್ಪ. ಹೊಸದನ್ನು ಎತ್ತಿ ತರುವುದಕ್ಕೂ, ಸವೆದು ಮೋಟಾದದ್ದನ್ನು ಆಚೆ ಒಯ್ಯುವುದಕ್ಕೂ ಈ ಇಕ್ಕಳ. ಇಬ್ಬರೂ ಒಟ್ಟಿಗೆ ಎತ್ತಿದರೆ ಭಾರಕ್ಕೆ ದವಡೆ ತಾನೇ ಬಿಗಿಯುತ್ತದೆ. ಒಬ್ಬ ಒಂದು ಚಣ ಮುಂಚೆ ಎತ್ತಿದನೋ, ರಾಡು ಓರೆಯಾಗಿ ಜಾರುತ್ತದೆ. ಬಿದ್ದರೆ ರಾಡು ಒಡೆಯುತ್ತದೆ, ಅಡಿಯಲ್ಲಿ ಕಾಲಿದ್ದರೆ ಕಾಲೂ ಉಳಿಯುವುದಿಲ್ಲ.

ಇದೆಲ್ಲ ನನಗೆ ಬಾಯಿಪಾಠ. ಯಾಕೆಂದರೆ ಮದುವೆಯಾದ ಹೊಸತರಲ್ಲೇ ನಮ್ಮವರು ಕಂಟ್ರಾಕ್ಟರನ ಹಿಂದೆ ಒಡಿಶಾಕ್ಕೆ ಹೋಗಿ ಅಂಥದೊಂದು ಕಾರ್ಖಾನೆ ಸೇರಿದರು. ನಾನು ಹಿಂದೂಪುರದಲ್ಲೇ ಉಳಿದೆ, ಅತ್ತೆಮನೆಯ ಎರಡು ಪವರ್‌ಲೂಮುಗಳ ಜೊತೆ. ಅಲ್ಲಿ ಇಕ್ಕಳದ ಇನ್ನೊಂದು ಹಿಡಿ ಹಿಡಿದವನು ಕಲ್ಯಾಣದುರ್ಗದ ಓಂಕಾರಪ್ಪ. ರಜೆಗೆ ಬಂದಾಗಲೆಲ್ಲ ನಮ್ಮವರ ಬಾಯಲ್ಲಿ ಅವನದೇ ಜಪ. "ಬ್ಯಾರೆಯವ್ರು ಹೂಂ ಅಂತಾರೆ, ಹೈಸಾ ಅಂತಾರೆ. ನಾನೂ ಓಂಕಾರಿನೂ ಒಂದ್ ಮಾತಾಡ್ತಿರ್ಲಿಲ್ಲ ಕಣೆ. ಅವ್ನು ಉಸ್ರು ಎಳ್ಕೊಂಡ್ರೆ ನಂಗ್ ಗೊತ್ತಾಯ್ತಿತ್ತು."

ನನ್ನ ಉಸಿರು ಇವರಿಗೆ ಯಾವತ್ತು ಗೊತ್ತಾಗಿದೆ? ನಾನು ನಿಟ್ಟುಸಿರು ಬಿಟ್ಟರೆ "ಫ್ಯಾನ್ ಹಾಕ್ಲಾ?" ಅನ್ನುವವರು ಇವರು.

ಹೊಟ್ಟೆಕಿಚ್ಚಿನಲ್ಲಿಯೂ ಅನುಕೂಲದ್ದು, ಅನನುಕೂಲದ್ದು ಅಂತ ಇದೆ. ಗಂಡ ಇನ್ನೊಬ್ಬಳ ಹಿಂದೆ ಹೋದರೆ ಊರೇ ನಿಮ್ಮ ಕಡೆ ನಿಲ್ಲುತ್ತದೆ. ಅಣ್ಣತಮ್ಮಂದಿರು ಬರುತ್ತಾರೆ, ಪಂಚಾಯ್ತಿ ಸೇರುತ್ತದೆ, ನೆರೆಮನೆಯವರು ನಿಮಗಿಂತ ಮುಂಚೆ ಅಳುತ್ತಾರೆ. ನನ್ನದು ಬೋಳುತಲೆಯ, ಪೊದೆ ಮೀಸೆಯ, ನಕ್ಕರೆ ಹೊಟ್ಟೆ ಕುಣಿಯುವ ಓಂಕಾರಪ್ಪನ ಮೇಲಿನ ಹೊಟ್ಟೆಕಿಚ್ಚು. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ? ಒಂದು ಸಲ ನಮ್ಮಮ್ಮನಿಗೆ ಹೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಸುಮ್ಮನಾದಳು.

ಅಮ್ಮನಿಗೆ ಅರ್ಥವಾಗಲಿಲ್ಲ, ಆದರೆ ನನ್ನ ಈ ರೋಗದ ಮೂಲ ಅವಳೇ. ನಮ್ಮದು ನೇಯ್ಗೆಯವರ ಮನೆ. ಕೈಮಗ್ಗದ ಕಾಲದಲ್ಲಿ ಬೆಳಗ್ಗೆ ಬೀದಿಯಲ್ಲಿ ಹಾಸು ಬಿಡುತ್ತಿದ್ದರು, ಅಂದರೆ ಉದ್ದಕ್ಕೆ ನೂಲು ಹರಡಿ ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು ಎಳೆಯುವುದು. ಅಪ್ಪ ಅಮ್ಮ ರಾತ್ರಿಯೆಲ್ಲ ಕಿತ್ತಾಡಿ ಮಾತು ಬಿಟ್ಟಿರುತ್ತಿದ್ದರು. ಆದರೂ ಹಾಸು ಹಿಡಿದರೆ ಇಬ್ಬರದೂ ಒಂದೇ ಹದ, ಒಂದು ಎಳೆ ಸಡಿಲವಾಗುತ್ತಿರಲಿಲ್ಲ. ಗಂಡ ಹೆಂಡತಿ ಅಂದರೆ ಹೀಗೆ ಎಂದು ಆಗಲೇ ನನ್ನ ತಲೆಗೆ ಹೊಕ್ಕಿತ್ತು. ಪ್ರೀತಿಯ ಮಾತು ಆಡದಿದ್ದರೂ ಪರವಾಗಿಲ್ಲ, ಒಂದು ಭಾರದ ಆ ತುದಿಯಲ್ಲಿ ಅವರು ನಿಲ್ಲಬೇಕು, ಈ ತುದಿಯಲ್ಲಿ ನಾನು. ನನಗೆ ಬೇಕಿದ್ದಿದ್ದು ಇಷ್ಟೇ. ಅದು ಓಂಕಾರಪ್ಪನ ಪಾಲಾಗಿತ್ತು.

ಕಾರ್ಖಾನೆಗೆ ಕ್ರೇನು ಬಂದ ಮೇಲೆ ಕೈಯಿಕ್ಕಳಗಳೆಲ್ಲ ಗುಜರಿಗೆ ಬಿದ್ದವು. ಇಬ್ಬರೂ ಕೆಲಸ ಬಿಟ್ಟು ಊರಿಗೆ ಬರುವಾಗ ಸಾಹೇಬರನ್ನು ಕಾಡಿ ಬೇಡಿ ತಮ್ಮದನ್ನು ಕೇಳಿ ಪಡೆದರು. ತಂದದ್ದು ಒಂದು, ಮನೆ ಎರಡು. ಕೊನೆಗೆ ಅವರವರೇ ಮಾಡಿಕೊಂಡ ಏರ್ಪಾಡು ಇದು: ದಸರಾದಿಂದ ಯುಗಾದಿವರೆಗೆ ಹಿಂದೂಪುರ, ಯುಗಾದಿಯಿಂದ ದಸರಾವರೆಗೆ ಕಲ್ಯಾಣದುರ್ಗ. ಯಾರ ಸರದಿಯೋ ಅವರು ಬಂದು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯಬೇಕು. ಬಸ್ಸಿನ ಕಂಡಕ್ಟರು ಪ್ರತಿ ಸಲವೂ ಕಾಲಿಗೆ ತಗುಲಿಸಿಕೊಂಡು, "ದೀನಿಕಿ ಕೂಡಾ ಟಿಕೆಟ್ ಕೊಟ್ಟಾಲಯ್ಯಾ" ಎಂದು ಅದಕ್ಕೂ ಟಿಕೆಟ್ ಹರಿಯುವ ಮಾತಾಡುತ್ತಾನಂತೆ. ಇದನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಇಕ್ಕಳ ಮನೆಯಲ್ಲಿದ್ದಷ್ಟು ಕಾಲ ಇವರು ಶಿಳ್ಳೆ ಹಾಕಿಕೊಂಡು ಓಡಾಡುತ್ತಾರೆ. ಹೋದ ಮೇಲೆ ವಾರಗಟ್ಟಲೆ ಮುಖ ಊದಿರುತ್ತದೆ. ಸವತಿಯಾದರೂ ಊಟಕ್ಕೆ ಬಡಿಸಿ ಜಗಳವಾಡಬಹುದಿತ್ತು, ಕಬ್ಬಿಣದ ಜೊತೆ ಏನೆಂದು ಜಗಳವಾಡುವುದು?

ಸರದಿಯ ದಿನ ಓಂಕಾರಪ್ಪ ಬಂದರೆ ನಮ್ಮ ಹಿತ್ತಿಲಲ್ಲಿ ಒಂದು ಪೂಜೆಯೇ ನಡೆಯುತ್ತಿತ್ತು. ಬೇಲಿ ಪಕ್ಕದ ಬೇವಿನ ದಿಮ್ಮಿಯೊಂದನ್ನು ಇಬ್ಬರೂ ಇಕ್ಕಳದಲ್ಲಿ ಎತ್ತಿ, ಬಾವಿಯವರೆಗೆ ಹೋಗಿ, ತಿರುಗಿ ತಂದು ಇಡುವುದು. ಯಾಕೆ? ಸುಮ್ಮನೆ. ಕೈ ಮರೆಯಬಾರದು ಅಂತ. ಆಮೇಲೆ ಕಟ್ಟೆಯ ಮೇಲೆ ಕೂತು ಮಾತು. ಒಡಿಶಾದಲ್ಲಿದ್ದಾಗ ಅಲ್ಲಿನವರಿಗೆ ತಿಳಿಯದಿರಲೆಂದು ಇಬ್ಬರೂ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರಂತೆ. ನಮ್ಮ ಹಿತ್ತಿಲಲ್ಲಿ ಮಾತ್ರ ಮುರುಕಲು ಒಡಿಯಾ! ನಾನು ಟೀ ಲೋಟ ಹಿಡಿದು ಹೋದ ತಕ್ಷಣ ಭಾಷೆ ಬದಲಾಗುತ್ತಿತ್ತು. ಇಬ್ಬರೂ ನಗುತ್ತಿದ್ದರು. ನಾನು ಲೋಟವನ್ನು ಕೊಂಚ ಜೋರಾಗಿಯೇ ಇಟ್ಟು ಬರುತ್ತಿದ್ದೆ.

ಅದೇ ನಮ್ಮವರನ್ನು ನಾನು ಒಂದು ಮಂಚದ ಕಾಲು ಹಿಡಿಯಲು ಕರೆಯಲಿ ನೋಡೋಣ. "ಎತ್ತು ಅಂದ್ರೆ ಎತ್ತಲ್ಲ, ಇಳ್ಸು ಅಂದ್ರೆ ಇಳ್ಸಲ್ಲ. ಓಂಕಾರಿ ಆಗಿದ್ರೆ..." ಎಂದು ಶುರುವಾಗುತ್ತಿತ್ತು. ಲೂಮಿನ ಕೋಣೆಗಂತೂ ಕಾಲೇ ಇಡುತ್ತಿರಲಿಲ್ಲ. ಪವರ್‌ಲೂಮಿಗೆ ಹಾಸನ್ನು ಸುತ್ತಿಕೊಂಡು ಬರುವ ಉರುಳೆಯನ್ನು ನಾವು ಬೀಮು ಅನ್ನುತ್ತೇವೆ. ತುಂಬಿದ ಬೀಮನ್ನು ಲೂಮಿನ ಹಿಂದೆ ಕೂರಿಸಲು ಇಬ್ಬರು ಬೇಕು. ಅದೂ ಸಮನಾಗಿ ಏಳಬೇಕು, ಇಲ್ಲದಿದ್ದರೆ ರೇಷ್ಮೆ ಒಂದು ಪಕ್ಕಕ್ಕೆ ಜಾರಿ ಇಡೀ ಹಾಸು ಕೆಡುತ್ತದೆ. ಇವರು ಜಗುಲಿಯ ಮೇಲೆ ಪೇಪರು ಓದುತ್ತಾ ಕೂತಿರುವಾಗ ನಾನು ಬೀದಿಗೆ ಹೋಗಿ ಯಾರನ್ನಾದರೂ ಕೂಗಿ ತರುತ್ತಿದ್ದೆ. "ರೇಷ್ಮೆ ಸಾವಾಸ ನಂಗ್ಯಾಕೆ" ಎನ್ನುತ್ತಿದ್ದರು. ಒಂದು ಸಲವಾದರೂ ತಾವಾಗಿ ಎದ್ದು ಬರಲಿ ಎಂದು ನಾನು ಬೇಕೆಂದೇ ನಿಧಾನವಾಗಿ ಚಪ್ಪಲಿ ಮೆಟ್ಟುತ್ತಿದ್ದೆ. ಪೇಪರಿನ ಹಾಳೆ ತಿರುಗುವ ಸದ್ದು ಬಿಟ್ಟರೆ ಇನ್ನೇನೂ ಆಗುತ್ತಿರಲಿಲ್ಲ.

ಹೀಗಿರುವಾಗ, ಮೂರ್ನಾಲ್ಕು ವರ್ಷದ ಹಿಂದಿನ ಒಂದು ಯುಗಾದಿಗೆ ಓಂಕಾರಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದ. ಗಿರಿಜಕ್ಕ. ಗಟ್ಟಿ ಆಳು, ಹಣೆಯ ತುಂಬ ವಿಭೂತಿ, ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನೂ ಬಿಡಲಿಲ್ಲ. ಅವನ ಹೆಂಡತಿ ಎಂಬ ಒಂದೇ ಕಾರಣಕ್ಕೆ ನನಗೆ ಅವಳನ್ನು ಕಂಡರೂ ಆಗಲಿಲ್ಲ. ನೀರು ಕೊಟ್ಟೆ, ನಗಲಿಲ್ಲ. ಅವಳೂ ಕುಡಿದಳು, ನಗಲಿಲ್ಲ.

ಆ ಹೊತ್ತಿಗೇ ಆಟೋದಲ್ಲಿ ಬೀಮು ಬಂದಿಳಿಯಿತು. ನಾನು ಚಪ್ಪಲಿ ಮೆಟ್ಟಲು ಹೊರಟೆ. ನಮ್ಮವರಿಗೆ ಅವತ್ತು ಗೆಳೆಯ ಪಕ್ಕದಲ್ಲಿದ್ದನಲ್ಲ, ಎಲ್ಲಿಲ್ಲದ ಉತ್ಸಾಹ ಬಂದುಬಿಟ್ಟಿತು.

"ಯಾರ್ನೂ ಕರೀಬ್ಯಾಡ ಕಣೆ. ನಾವಿಲ್ವಾ? ಓಂಕಾರಿ, ಇಕ್ಕಳ ತತ್ತಾ ಕಣ್ಲಾ. ಒಂದೇ ಏಟ್ಗೆ ಎತ್ತಿಬುಡಣ."

"ಕಾರ್ಬನ್ ರಾಡೇ ಎತ್ತಿದ್ದೀವಿ, ಇದ್ಯಾವ ಲೆಕ್ಕ ತಾಯಿ" ಎಂದು ಓಂಕಾರಪ್ಪ ತೋಳು ಮಡಚಿದ.

ಇಬ್ಬರೂ ಇಕ್ಕಳ ಹಿಡಿದು ಲೂಮಿನ ಕೋಣೆಗೆ ನುಗ್ಗಿಯೇಬಿಟ್ಟರು. ಎರಡೂ ಕಡೆ ಕಾಲು ಅಗಲಿಸಿ ನಿಂತು, ದವಡೆ ತೆರೆದು, ಬೀಮಿನ ನಟ್ಟನಡುವೆ ಇಳಿಸಲು ಹೊರಟರು. ನಡುವೆ ಏನಿರುತ್ತದೆ ಹೇಳಿ? ರೇಷ್ಮೆ! ಕೂದಲಿಗಿಂತ ತೆಳ್ಳನೆಯ ಎಳೆಗಳು, ಸಾವಿರಾರು, ಒಂದರ ಪಕ್ಕ ಒಂದು. ಅದರ ಮೇಲೆ ಎಣ್ಣೆ ಮೆತ್ತಿದ ಈ ಕಬ್ಬಿಣದ ಹಲ್ಲು. ನಾನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಕ್ಕನ ಗಂಟಲು ಕೇಳಿಸಿತು.

"ಅಯ್ಯಯ್ಯೋ, ಮುಟ್ಟೀರ ಜೋಕೆ! ಕಣ್ ಕಾಣಾಕಿಲ್ವಾ ನಿಮ್ಗೆ? ಈಚ್ಗೆ ಬರ್ರಿ ಇಬ್ರೂ!"

ಅವಳು ಗಂಡನನ್ನು ಭುಜದಿಂದಲೇ ತಳ್ಳಿ, ಸೆರಗು ಸಿಕ್ಕಿಸಿ, ಬೀಮಿನ ಆ ತುದಿಯ ಕಂಬಿ ಹಿಡಿದಳು. ನಾನು ಈ ತುದಿಗೆ ಬಂದಿದ್ದೆ, ಯಾವಾಗ ಬಂದೆನೋ ಗೊತ್ತಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು. ಯಾರೂ ಏನೂ ಹೇಳಲಿಲ್ಲ. ಬೀಮು ನೆಲ ಬಿಟ್ಟಿತು. ಬಟ್ಟಲಲ್ಲಿ ನಿಂತ ನೀರಿನಂತೆ ಸಮನಾಗಿ ಎದ್ದು, ಲೂಮಿನ ಹಿಂದಕ್ಕೆ ಹೋಗಿ, ಎರಡೂ ಕಡೆ ಒಟ್ಟಿಗೇ ಕೂತಿತು. ಒಂದು ಎಳೆ ಅಲುಗಲಿಲ್ಲ. ನನಗೆ ಮೈ ಜುಂ ಎಂದಿತು. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ಆ ಗಂಡಸರು ಹೇಳುತ್ತಿದ್ದದ್ದು ಇದನ್ನೇ ಇರಬೇಕು.

"ಯಾರ್ ಮನೇವ್ಳು ನೀನು?" ಅಂದಳು ಗಿರಿಜಕ್ಕ.

"ನೇಯ್ಗೆಯೋರು."

"ಅದ್ಕೇ ಮತ್ತೆ. ನಂದೂ ತವ್ರುಮನೆ ಮಗ್ಗದ್ದೇ ಕಣಮ್ಮ." ಆಮೇಲೆ ಗಂಡಸರು ಕೇಳಿಸಿಕೊಳ್ಳಲೆಂದೇ ಗಟ್ಟಿಯಾಗಿ ಅಂದಳು: "ನಿನ್ ಗಂಡನ್ ಹೆಸ್ರು ಕೇಳೀ ಕೇಳೀ ನನ್ ಹೊಟ್ಟೆ ಉರ್ದು ಬೂದಿ ಆಗೈತೆ. ಬಾವಿ ಹಗ್ಗ ಹಿಡಿದ್ರೂ, ಹಿಂದೂಪುರದೋನಾಗಿದ್ರೆ ಹಂಗೆ ಎಳೀತಿದ್ದ, ಹಿಂಗೆ ಎಳೀತಿದ್ದ ಅಂತಾನೆ ಈ ಮನ್ಷ."

ನಾನು ನಗಲು ಶುರು ಮಾಡಿದವಳು ನಿಲ್ಲಿಸಲಾಗದೆ ಲೂಮಿಗೆ ಒರಗಿಕೊಂಡೆ. ಅವಳೂ ಒರಗಿಕೊಂಡಳು. ಬಾಗಿಲಲ್ಲಿ ಇಬ್ಬರು ಗಂಡಸರು ಇಕ್ಕಳದ ಎರಡು ಹಿಡಿ ಹಿಡಿದು, ನಡುವೆ ಏನೂ ಇಲ್ಲದೆ ನಿಂತಿದ್ದರು. ನಮ್ಮವರು ಗಿರಿಜಕ್ಕನ ಕೈಗಳನ್ನೇ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಟೀ ಲೋಟ ಹಿಡಿದು ಹಿತ್ತಿಲಿಗೆ ಹೋದಾಗ ನಾನು ಓಂಕಾರಪ್ಪನನ್ನು ನೋಡುತ್ತಿದ್ದದ್ದು ಹಾಗೆಯೇ.

ಅಲ್ಲಿಂದಾಚೆ ಇಕ್ಕಳದ ಸರದಿಗೆ ಇಬ್ಬರಲ್ಲ, ನಾಲ್ವರು. ಕಲ್ಯಾಣದುರ್ಗಕ್ಕೆ ದಸರೆಗೆ ನಾನೂ ಹೋಗುತ್ತೇನೆ. ದಿನ ಬಿಟ್ಟು ದಿನ ಫೋನು. ಏನು ಮಾತಾಡುತ್ತೇವೆ ಅಂತ ನೀವು ಕೇಳಿದರೆ ಹೇಳಲಾರೆ, ಹೇಳುವಂಥದ್ದು ಏನೂ ಇರುವುದಿಲ್ಲ. ಯಜಮಾನರು ಹತ್ತಿರ ಬಂದರೆ ನಾನು ತೆಲುಗಿಗೆ ತಿರುಗುತ್ತೇನೆ. ಅವರಿಗೆ ನನಗಿಂತ ಚೆನ್ನಾಗಿ ತೆಲುಗು ಬರುತ್ತದೆ, ಆದರೂ ತಿರುಗುತ್ತೇನೆ.

ಇವತ್ತಿನ ಮಾತಿಗೆ ಬರುತ್ತೇನೆ. ನಾಳೆ ಯುಗಾದಿ, ಇಕ್ಕಳ ಕಲ್ಯಾಣದುರ್ಗಕ್ಕೆ ಹೋಗುವ ದಿನ. ಸೀರೆಯ ಜಗಳ ಮುಗಿದು ಊಟವಾಯಿತು. ನಿನ್ನೆ ಬಂದ ಹೊಸ ಬೀಮು ಲೂಮಿನ ಕೋಣೆಯಲ್ಲಿ ನೆಲದ ಮೇಲೇ ಇತ್ತು. ನಾನು ಅದರ ಮೇಲಿನ ಬಟ್ಟೆ ಸರಿಪಡಿಸುತ್ತಿದ್ದೆ. ಬಚ್ಚಲಲ್ಲಿ ಬಹಳ ಹೊತ್ತು ನೀರಿನ ಸದ್ದಾಯಿತು. ಆಮೇಲೆ ಯಜಮಾನರು ಕೋಣೆಯ ಬಾಗಿಲಿಗೆ ಬಂದು ನಿಂತರು. ಕೈಯ ಎಣ್ಣೆಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದಿದ್ದರು, ಉಗುರಿನ ಸಂದಿಯೂ ಬೆಳ್ಳಗಿತ್ತು. ಒಳಗೆ ಬಂದು, ಬೀಮಿನ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತರು.

"ನಾನ್ ಈ ಕಡೆ ಹಿಡ್ಕೊತೀನಿ. ನೀನ್ ಯಾವಾಗ ಅಂತೀಯೋ ಅವಾಗ ಎತ್ತಣ" ಅಂದರು.

ಮದುವೆಯಾದಂದಿನಿಂದ ಕಾದ ಮಾತು. ಎಷ್ಟು ಸಲ ನಿಧಾನವಾಗಿ ಚಪ್ಪಲಿ ಮೆಟ್ಟಿದ್ದೆನೋ ಈ ಮಾತಿಗಾಗಿ. ನನ್ನ ಕೈ ಕಂಬಿಯವರೆಗೆ ಹೋಯಿತು ಕೂಡ.

"ಬುಡಿ" ಅಂದೆ. "ನಾಳೆ ಗಿರಿಜಕ್ಕ ಬತ್ತಾಳೆ. ನಾವಿಬ್ರೂ ಎತ್ಕೊಂತೀವಿ."

ಅವರು ಮಂಡಿ ಹಿಡಿದು ಎದ್ದರು. ಬಾಗಿಲ ಹತ್ತಿರ ಹೋಗಿ, ನನ್ನ ಕಡೆ ನೋಡದೆ ಕೇಳಿದರು: "ನನಗಿಂತ ಅಷ್ಟ್ ಚೆನ್ನಾಗ್ ಎತ್ತಾಳಾ ಅವ್ಳು?"

ಪಾಪ ಅನ್ನಿಸಿತು. ನಿಜವಾಗಿಯೂ ಅನ್ನಿಸಿತು. ಬನ್ನಿ, ಹಿಡೀರಿ ಎಂದು ಕರೆಯಬಹುದಿತ್ತು. ಕರೆಯಲಿಲ್ಲ. ಫೋನು ತೆಗೆದು ಗಿರಿಜಕ್ಕನಿಗೆ ಮಾಡಿ, "ಅಕ್ಕಾ, ನಾಳೆ ಮೊದ್ಲ್ನೇ ಬಸ್ಸಿಗೇ ಬಂದ್ಬುಡು" ಅಂದೆ, ಹಿತ್ತಿಲವರೆಗೂ ಕೇಳಿಸುವಷ್ಟು ಗಟ್ಟಿಯಾಗಿ.