ಹೆಗಲ ಮೇಲಿನ ಕೆಂಪು ಟವೆಲ್

ಈಜು ಬಾರದವಳ ಕೈಗೆ ಈಜುಕೊಳದ ಕಾವಲು ಸಿಕ್ಕರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಟವೆಲ್ ಅತ್ತೆಯನ್ನು ತೋರಿಸಬೇಕು. ತಮ್ಮನ ಮಕ್ಕಳು ಅವಳಿಗೆ ಇಟ್ಟ ಹೆಸರು ಅದು. ಎದುರಿಗೆ ಬರೀ ಅತ್ತೆ, ಬೆನ್ನ ಹಿಂದೆ ಟವೆಲ್ ಅತ್ತೆ. ಅವಳಿಗೂ ಗೊತ್ತಿತ್ತು, ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು.

ಅತ್ತೆ ಅರ್ಧ ಆಯಸ್ಸನ್ನು ಶಾಲೆಯ ಬಸ್ಸಿನಲ್ಲಿ ಆಯಾ ಆಗಿ ಸವೆಸಿದವಳು. ಮಗುವನ್ನು ಮೆಟ್ಟಿಲಿಂದ ಇಳಿಸಿ "ಅಗೋ ನಿಮ್ಮಮ್ಮ, ಓಡು" ಎನ್ನುವ ಪೈಕಿಯಲ್ಲ. ಮಗುವಿನ ಕೈ ತಾಯಿಯ ಕೈ ಸೇರುವ ತನಕ ತನ್ನ ಕೈ ಸಡಿಲ ಮಾಡುತ್ತಿರಲಿಲ್ಲ. ಒಮ್ಮೆ ಅದೇ ಶಾಲೆಯ ಇನ್ನೊಂದು ಬಸ್ಸಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗುವೊಂದು, ಬಾಗಿಲು ಹಾಕಿದ ಬಸ್ಸಿನೊಳಗೆ ಉರಿಬಿಸಿಲಲ್ಲಿ ಉಳಿದುಹೋಗಿತ್ತು. ಡ್ರೈವರ್ ನೋಡಿರುತ್ತಾನೆ ಅಂತ ಆಯಾ, ಆಯಾ ನೋಡಿರುತ್ತಾಳೆ ಅಂತ ಡ್ರೈವರ್. ಪುಣ್ಯಕ್ಕೆ ಮಗು ಬದುಕಿತು. ಅತ್ತೆಯ ಎದೆಯಲ್ಲಿ ಮಾತ್ರ ಒಂದು ಮಾತು ಮೊಳೆ ಹೊಡೆದಂತೆ ನಿಂತುಬಿಟ್ಟಿತು: ಇಬ್ಬರು ನೋಡಿಕೊಳ್ಳುವ ಮಗುವನ್ನು ಯಾರೂ ನೋಡಿಕೊಳ್ಳುತ್ತಿರುವುದಿಲ್ಲ. ಅಂದಿನಿಂದ ಕೆಲಸ ಬಿಡುವ ದಿನದವರೆಗೂ ಅವಳು ಬಸ್ಸಿನ ಕೊನೆಯ ಸೀಟಿನವರೆಗೆ ನಡೆದು, ಬಗ್ಗಿ ಕೆಳಗೆ ನೋಡಿಯೇ ಇಳಿಯುತ್ತಿದ್ದಳು.

ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆ ಸೇರಿದಳು. ತಮ್ಮನಿಗೆ ಟೈಲ್ಸ್ ಅಂಗಡಿ. ಅವನು ಹೊಸದಾಗಿ ಕೊಂಡ ಮನೆಯ ಹಿತ್ತಲಲ್ಲಿ ಹಿಂದಿನವರು ಕಟ್ಟಿಸಿದ ಈಜುಕೊಳವಿತ್ತು. ಮನೆ ನೋಡಲು ಹೋದ ದಿನ ತಮ್ಮನ ಹೆಂಡತಿ ಅಡುಗೆಮನೆಯ ಕಪಾಟುಗಳನ್ನು ತೆರೆದು ನೋಡಿದಳು, ತಮ್ಮ ಕೊಳದ ಟೈಲ್ಸ್ ಸವರಿ "ಒಳ್ಳೇ ಮಾಲು" ಎಂದ, ಅವರ ಹಿರಿಮಗ ಅಲ್ಲೇ ಅಂಗಿ ಬಿಚ್ಚತೊಡಗಿದ. ಅತ್ತೆ ನೀರನ್ನೇ ನೋಡುತ್ತಾ ನಿಂತಳು. ಅವಳ ಬಟ್ಟೆ ಹಿಡಿದುಕೊಂಡು ಮೂರು ವರ್ಷದ ಹೆಣ್ಣುಮಗು ನಿಂತಿತ್ತು. ತಮ್ಮನ ಎರಡನೇ ಮಗು. ನಡೆಯಲು ಕಲಿತಾಗಿನಿಂದ ಅತ್ತೆಯ ಹಿಂದೆಯೇ ತಿರುಗುತ್ತಿದ್ದರಿಂದ ಮನೆಯವರೆಲ್ಲ ಅದನ್ನು 'ಬಾಲ' ಅಂತಲೇ ಕರೆಯುತ್ತಿದ್ದರು.

"ಇದಕ್ಕೆ ಬೇಲಿ ಹಾಕಿಸದೆ ನಾನು ಈ ಮನೆ ಹೊಸಲು ತುಳಿಯಲ್ಲ," ಎಂದಳು ಅತ್ತೆ.

"ಅಕ್ಕಾ, ಇದು ಮನೆ. ಜೈಲಲ್ಲ."

"ಜೈಲಿಂದ ಜನ ವಾಪಸ್ ಬರ್ತಾರಪ್ಪ."

ತಮ್ಮನಿಗೆ ಅಕ್ಕನ ಬಾಯಿ ಗೊತ್ತು. ಬೇಲಿ ಬಂತು. ಸುತ್ತಲೂ ಕಬ್ಬಿಣದ ಸರಳು, ಅಡ್ಡಪಟ್ಟಿಯ ಮೇಲೆ ಕಾಲಿಟ್ಟು ಹತ್ತಲಾಗದ ಹಾಗೆ. ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವ ಗೇಟು, ದೊಡ್ಡವರ ಕೈಗೆ ಮಾತ್ರ ಎಟುಕುವ ಚಿಲಕ. ಬೇಲಿಯ ಹತ್ತಿರ ಕುರ್ಚಿ, ಹೂಕುಂಡ ಏನೂ ಇರಕೂಡದು ಎಂದಳು. ನೀರಲ್ಲಿ ಆಟದ ಸಾಮಾನು ತೇಲಬಿಡಬಾರದು, ಅದು ಮಕ್ಕಳನ್ನು ಕರೆಯುತ್ತದೆ ಎಂದಳು. ಕ್ಲೀನ್ ಮಾಡಲು ಬರುತ್ತಿದ್ದವನು ತಳದಲ್ಲಿ ನೀರೆಳೆಯುವ ಕಿಂಡಿಯ ಜಾಲರಿ ಗಟ್ಟಿಯಿದೆ ಎಂದು ಆಣೆ ಮಾಡಿದರೂ ಅವನನ್ನು ಇನ್ನೊಮ್ಮೆ ಮುಳುಗಿಸಿ ನೋಡಿಸಿದಳು. ಇಷ್ಟು ಸಾಲದೆಂದು ಗಂಡ ಹೆಂಡತಿ ಇಬ್ಬರನ್ನೂ ಮುಳುಗಿದವರಿಗೆ ಉಸಿರು ಕೊಡುವುದನ್ನು ಕಲಿಸುವ ತರಬೇತಿಗೆ ಅಟ್ಟಿದಳು. ತಮ್ಮ ಅಲ್ಲಿ ರಬ್ಬರ್ ಗೊಂಬೆಯ ಬಾಯಿಗೆ ಬಾಯಿಟ್ಟು ನಗು ತಡೆಯಲಾರದೆ ಹೊರಗೆ ಓಡಿಬಂದನಂತೆ. ಅವನ ಹೆಂಡತಿ ಮಾತ್ರ ಮುಖ ಗಂಟಿಕ್ಕಿಕೊಂಡೇ ಪೂರ್ತಿ ಕಲಿತು ಬಂದಳು.

ಇಷ್ಟೆಲ್ಲ ಆದರೂ ಅತ್ತೆಯ ಹೆದರಿಕೆ ಇಳಿಯಲಿಲ್ಲ. ಅಡುಗೆಮನೆಯ ಕಿಟಕಿಯಿಂದ ನೀಲಿ ನೀರು ಕಂಡಾಗಲೆಲ್ಲ ಅದು ಯಾರಿಗೋ ಕಾಯುತ್ತಾ ಸುಮ್ಮನೆ ಕೂತಿದೆ ಅನ್ನಿಸುತ್ತಿತ್ತು. ಊಟಕ್ಕೆ ಕೂತವಳು ಎದ್ದು ಹೋಗಿ ಚಿಲಕ ನೋಡಿ ಬರುತ್ತಿದ್ದಳು. "ಅತಿಯಾದರೆ ಅಮೃತವೂ ವಿಷ ಅತ್ತಿಗೆ, ತಟ್ಟೇಲಿ ಊಟ ಆರಿಹೋಗ್ತಿದೆ," ಎನ್ನುತ್ತಿದ್ದಳು ತಮ್ಮನ ಹೆಂಡತಿ. ಅತ್ತೆಗೆ ಬೇಲಿಯ ಭಯವಿರಲಿಲ್ಲ. ಮನುಷ್ಯರ ಭಯವಿತ್ತು. ಬೇಲಿಗೆ ಮರೆವಿಲ್ಲ, ಹರಟೆ ಹೊಡೆಯುವ ಚಪಲವೂ ಇಲ್ಲ.

ಆಗ ಹೊಳೆದದ್ದು ಟವೆಲ್. ಅಚ್ಚ ಕೆಂಪು ಬಣ್ಣದ್ದು, ದೂರದಿಂದ ಕುರುಡನಿಗೂ ಕಾಣುವಂಥದ್ದು. ಗೇಟಿನ ಪಕ್ಕ ಒಂದು ಮೊಳೆ ಹೊಡೆಸಿ ಅದನ್ನು ತೂಗುಹಾಕಿದಳು. ಯಾರ ಹೆಗಲ ಮೇಲೆ ಟವೆಲ್ಲಿದೆಯೋ ನೀರು ಅವರ ಜವಾಬ್ದಾರಿ. ಫೋನ್ ಮುಟ್ಟಬಾರದು, ಓದಬಾರದು, ಕಾಫಿಗೆ ಎದ್ದು ಹೋಗಬಾರದು. ಸಾಕಾದರೆ ಟವೆಲ್ ತೆಗೆದು ಇನ್ನೊಬ್ಬರ ಹೆಗಲಿಗೆ ಹಾಕಬೇಕು, ನೆಲಕ್ಕಾಗಲಿ ಕುರ್ಚಿಗಾಗಲಿ ಹಾಕುವಂತಿಲ್ಲ. ಬಸ್ಸಿನ ಬಾಗಿಲಲ್ಲಿ ಮಗು ಕೈಯಿಂದ ಕೈಗೆ ಹೋದ ಹಾಗೆ. ಮಕ್ಕಳೆಲ್ಲ ಹೊರಗೆ ಬಂದು ಗೇಟು ಮುಚ್ಚಿದ ಮೇಲೆ ಟವೆಲ್ ಮತ್ತೆ ಮೊಳೆಗೆ.

ಮೊದಲು ಎಲ್ಲರೂ ನಕ್ಕರು. ಆಮೇಲೆ ರೂಢಿಯಾಯಿತು. ಎಷ್ಟು ರೂಢಿಯಾಯಿತೆಂದರೆ ನೀರಿನ ಕಡೆ ನೋಡುವ ಮೊದಲು ಎಲ್ಲರ ಕಣ್ಣೂ ಟವೆಲ್ಲನ್ನು ಹುಡುಕತೊಡಗಿತು. ಕೆಂಪು ಯಾರದಾದರೂ ಹೆಗಲ ಮೇಲೆ ಕಂಡರೆ ಸಾಕು, ಉಳಿದವರ ಎದೆ ಹಗುರ. ಅತ್ತೆಯ ಹೆಗಲ ಮೇಲೆ ಕಂಡರಂತೂ ಕೇಳುವುದೇ ಬೇಡ.

ಅದೊಂದು ರಜೆಯ ದಿನ. ತಮ್ಮನ ಭಾವಮೈದ, ಎಂದರೆ ಅವನ ಹೆಂಡತಿಯ ಅಣ್ಣ, ತನ್ನ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಬೆಳಗಿನಿಂದ ಮಕ್ಕಳು ನೀರಿನಲ್ಲೇ. ತಮ್ಮನ ಹೆಂಡತಿಯ ಹೆಗಲಿಂದ ಟವೆಲ್ ಅತ್ತೆಯ ಹೆಗಲಿಗೆ ಬಂದದ್ದು ಮತ್ತೆ ಯಾರ ಹೆಗಲಿಗೂ ಹೋಗಲಿಲ್ಲ. ಭಾವಮೈದ ಕೈಚಾಚಿ "ಕೊಡಿ ಅಕ್ಕಾ, ಸ್ವಲ್ಪ ಹೊತ್ತು ನಾನಿರ್ತೀನಿ" ಅಂದ. "ನೀನು ಕೂತಲ್ಲೇ ಗೊರಕೆ ಹೊಡೆಯೋನು, ಸುಮ್ಮನಿರು," ಅಂದಳು ಅತ್ತೆ. ನಿಜ ಹೇಳಬೇಕೆಂದರೆ ಅವಳಿಗೆ ಬೇರೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು, ಮಂಡಿ ಹಿಡಿದುಕೊಂಡಿತ್ತು, ಮಕ್ಕಳ ತಲೆ ಎಣಿಸಿ ಎಣಿಸಿ ಕಣ್ಣು ಉರಿಯುತ್ತಿತ್ತು. ಕೊನೆಗೆ ಎಲ್ಲರನ್ನೂ ಗದರಿಸಿ ಮೇಲೆ ಹತ್ತಿಸಿ, ಬಾಲವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದು, ಗೇಟಿನ ಚಿಲಕ ಬಿದ್ದ ಸದ್ದು ಕೇಳಿ ಉಸಿರು ಬಿಟ್ಟಳು. ಬಾಲವನ್ನು ಹಿತ್ತಲ ಜಗಲಿಯಲ್ಲಿ ಕೂತಿದ್ದ ಅದರ ತಾಯಿಯ ಮಡಿಲಿಗೆ ಹಾಕಿ ಅಡುಗೆಮನೆಗೆ ಹೋದಳು.

ಟವೆಲ್ ಮೊಳೆಗೆ ಹೋಗಲಿಲ್ಲ. ಒದ್ದೆ ಬಟ್ಟೆ ಸುಟ್ಟ ಹೆಗಲಿಗೆ ತಂಪಾಗಿತ್ತು, ಅದು ಅಲ್ಲಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಆಮೇಲೆ ನಡೆದದ್ದರಲ್ಲಿ ಯಾರ ಕೆಟ್ಟತನವೂ ಇರಲಿಲ್ಲ. ಭಾವಮೈದ ಕೊಳದ ಕಟ್ಟೆಯ ಮೇಲೆ ಉಳಿದಿದ್ದ ತಟ್ಟೆ ಲೋಟಗಳನ್ನು ತರಲು ಹೋದ. ಬರುವಾಗ ಎರಡೂ ಕೈ ತುಂಬಿರುತ್ತವೆಂದು ಗೇಟು ಮುಚ್ಚಿಕೊಳ್ಳದಂತೆ ಒಂದು ಕುರ್ಚಿ ಅಡ್ಡ ಇಟ್ಟ. ತಟ್ಟೆ ಲೋಟ ಹಿಡಿದು ಹೊರಗೆ ಬಂದವನು ಕುರ್ಚಿ ತೆಗೆಯಬೇಕು ಅಂದುಕೊಂಡೇ ತಲೆಯೆತ್ತಿದ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಕೊಳದ ಕಡೆಗೇ ಮುಖಮಾಡಿ ನಿಂತಿದ್ದಳು, ಹೆಗಲ ಮೇಲೆ ಕೆಂಪು ಟವೆಲ್. ಓಹೋ, ಅಕ್ಕ ಇನ್ನೂ ನೋಡ್ತಿದ್ದಾರೆ ಎಂದು ಮುಂದೆ ನಡೆದ. ಬಾಲ ಮಡಿಲಿಂದ ಜಾರಿದಾಗ ತಾಯಿಯೂ ಕಿಟಕಿಯತ್ತ ನೋಡಿದಳು, ಕೆಂಪು ಕಂಡಿತು, ಮಾತು ಮುಂದುವರಿಸಿದಳು. ಮಗು ಅತ್ತೆಯ ಹತ್ತಿರ ಹೊರಟಿದೆ ಎಂದುಕೊಂಡಳು. ತಮ್ಮನೂ ಒಮ್ಮೆ ನೋಡಿದನಂತೆ.

ಕಿಟಕಿಯಲ್ಲಿ ನಿಂತ ಅತ್ತೆ ತಲೆ ತಗ್ಗಿಸಿಕೊಂಡು ಹಣ್ಣು ಹೆಚ್ಚುತ್ತಿದ್ದಳು.

ರಸ ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲು ಹೆಗಲಿನತ್ತ ಕೈ ಹಾಕಿದಳು. ಕೈಗೆ ಬಂದದ್ದು ಟವೆಲ್.

ಒಂದು ಕ್ಷಣ ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ಇದು ನನ್ನ ಹತ್ತಿರ ಇದೆ ಅಂದರೆ ಎಲ್ಲರೂ ನಾನು ನೋಡುತ್ತಿದ್ದೇನೆ ಅಂದುಕೊಂಡಿದ್ದಾರೆ. ತಲೆಯೆತ್ತಿ ನೋಡಿದಳು. ಗೇಟಿನಲ್ಲಿ ಕುರ್ಚಿ. ಜಗಲಿಯಲ್ಲಿ ನಗು, ಮಾತು. ಎಲ್ಲಿಯೂ ಕಿರುಚಾಟವಿಲ್ಲ, ನೀರು ಬಡಿದ ಸದ್ದಿಲ್ಲ.

"ಬಾಲ ಎಲ್ಲಿ?" ಎಂದು ಕೇಳುತ್ತಲೇ ಓಡಿದಳು. ಯಾರೋ "ನಿಮ್ಮ ಹತ್ತಿರಾನೇ ಬಂತಲ್ಲಾ" ಅಂದರು. ಉತ್ತರ ಕೇಳಲು ಅವಳು ನಿಲ್ಲಲಿಲ್ಲ. ಮಗು ಕಾಣದಿದ್ದರೆ ಮೊದಲು ನೀರು ನೋಡಿ, ಮನೆ ಆಮೇಲೆ ಹುಡುಕಿ ಎಂದು ಎಲ್ಲರಿಗೂ ಕೊರೆದವಳು ಅವಳೇ. ಕೊಳದಲ್ಲಿ ಒಂದು ಹಳದಿ ಪುಟಾಣಿ ಬಕೆಟ್ ತೇಲುತ್ತಿತ್ತು. ಎಲ್ಲ ಎತ್ತಿಸಿದ್ದೇನೆ ಅಂದುಕೊಂಡಿದ್ದಳು. ಅದರಿಂದ ಒಂದು ಮಾರು ಆಚೆ, ಮೆಟ್ಟಿಲಿನ ಹತ್ತಿರವೇ, ನೀರಿನ ಮೇಲೆ ಕೂದಲು ಹರಡಿತ್ತು.

ಜೀವಮಾನದಲ್ಲಿ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯದವಳು ಮೆಟ್ಟಿಲೂ ನೋಡದೆ ನೀರಿಗಿಳಿದಳು. ನೀರು ಎದೆಗೆ ಬಂತು, ಉಟ್ಟ ಬಟ್ಟೆ ಉಬ್ಬಿ ಮುಖಕ್ಕೆ ಬಡಿಯಿತು. ಫ್ರಾಕಿನ ತುದಿ ಬೆರಳಿಗೆ ಸಿಕ್ಕಿತು. ಎಳೆದಳು. ಅಷ್ಟರಲ್ಲಿ ತಮ್ಮ ಧುಮುಕಿ ಮಗುವನ್ನು ಎತ್ತಿ ಕಟ್ಟೆಯ ಮೇಲೆ ಮಲಗಿಸಿದ. ತುಟಿ ನೀಲಿಯಾಗಿತ್ತು. ಎದೆ ಆಡುತ್ತಿರಲಿಲ್ಲ.

ರಬ್ಬರ್ ಗೊಂಬೆಯ ಮುಂದೆ ನಕ್ಕಿದ್ದ ತಮ್ಮನಿಂದ ಏನೂ ಆಗಲಿಲ್ಲ. ಅವನ ಹೆಂಡತಿ ಅವನನ್ನು ಪಕ್ಕಕ್ಕೆ ನೂಕಿ ಕೂತಳು. ಮಗುವಿನ ತಲೆ ಹಿಂದಕ್ಕೆ ಬಾಗಿಸಿದಳು, ಮೂಗು ಹಿಡಿದಳು, ಬಾಯಿಗೆ ಬಾಯಿಟ್ಟು ಊದಿದಳು, ಎದೆ ಒತ್ತಿದಳು, ಮತ್ತೆ ಊದಿದಳು. ಭಾವಮೈದ ಆಂಬುಲೆನ್ಸಿಗೆ ಫೋನ್ ಮಾಡುತ್ತಾ ಮನೆಯ ವಿಳಾಸ ಮರೆತು ತಡವರಿಸುತ್ತಿದ್ದ. ಅತ್ತೆ ನೀರಿನಲ್ಲೇ ನಿಂತಿದ್ದಳು. ದೇವರೇ, ನನ್ನನ್ನು ತಗೋ, ಅದನ್ನು ಬಿಡು ಅನ್ನುವುದು ಬಿಟ್ಟು ಅವಳ ತಲೆಯಲ್ಲಿ ಇನ್ನೊಂದು ಮಾತಿರಲಿಲ್ಲ.

ಮಗು ಕೆಮ್ಮಿತು. ನೀರು ಕಕ್ಕಿತು. ಆಮೇಲೆ ಎಷ್ಟು ಜೋರಾಗಿ ಅತ್ತಿತೆಂದರೆ, ಅಳು ಅಷ್ಟು ಸುಖವಾಗಿ ಕೇಳಿಸಬಲ್ಲದು ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಿಂದ ಮಗು ಮನೆಗೆ ಬಂತು. ಯಾರೂ ಅತ್ತೆಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಭಾವಮೈದ ಕುರ್ಚಿ ಇಟ್ಟದ್ದು ನಾನು ಅಂದ, ತಾಯಿ ಮಡಿಲಿಂದ ಬಿಟ್ಟದ್ದು ನಾನು ಅಂದಳು. ತಪ್ಪನ್ನು ಹೊರಲು ಮನೆ ತುಂಬ ಜನ. ಅತ್ತೆ ಮಾತ್ರ ತಮ್ಮನ ಮುಂದೆ ಕೂತು ಒಂದೇ ಮಾತು ಹೇಳಿದಳು.

"ಬೇಲಿಯೇ ಎದ್ದು ಹೊಲ ಮೇಯ್ತು ಕಣೋ."

"ಆ ಕೊಳಾನ ಮಣ್ಣು ತುಂಬಿಸಿ ಮುಚ್ಚಿಸಿಬಿಡ್ತೀನಿ ಬಿಡು."

"ಕೊಳ ಏನು ಮಾಡ್ತು? ಮರೆತದ್ದು ನಾನು."

ಮುಚ್ಚಿಸುವ ಮಾತು ಮಾತಾಗಿಯೇ ಉಳಿಯಿತು. ಹಿರಿಮಗನಿಗೆ ಈಜಿನ ಹುಚ್ಚು. ಬಾಲಕ್ಕೂ ಈಜು ಕಲಿಸಬೇಕು ಎಂದು ಡಾಕ್ಟರೇ ಹೇಳಿದ್ದರು. ಗೇಟಿಗೆ ಬೀಗ ಬಿತ್ತು, ತೆರೆದಿಟ್ಟರೆ ಕಿರುಚುವ ಅಲಾರಂ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಅತ್ತೆ ಗೊಣಗಿದಳು, ಆದರೂ ಅಲಾರಂ ಕೂಗುತ್ತದೋ ಇಲ್ಲವೋ ಎಂದು ದಿನಾ ಪರೀಕ್ಷೆ ಮಾಡಿದಳು. ಟವೆಲ್ ಮೊಳೆಯ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತಿತ್ತು. ಅವಳು ಅದರ ಪಕ್ಕದಲ್ಲಿ ಹಾಯುವಾಗ ಹಾವು ಕಂಡವಳಂತೆ ದೂರ ಸರಿಯುತ್ತಿದ್ದಳು. ಈಗ ಅವಳಿಗೆ ನೀರಿಗಿಂತ ಟವೆಲ್ಲಿನ ಭಯ ಹೆಚ್ಚಾಗಿತ್ತು.

ಕೊಳ ಮತ್ತೆ ತೆರೆದ ದಿನ ತಮ್ಮ ಬಾಲವನ್ನು ಎತ್ತಿಕೊಂಡು ನೀರಿಗಿಳಿದ. ಮಗು ಅವನ ಕುತ್ತಿಗೆಗೆ ಜೋತುಬಿದ್ದಿತ್ತು. ತಮ್ಮನ ಹೆಂಡತಿ ಮೊಳೆಯಿಂದ ಟವೆಲ್ ತೆಗೆದುಕೊಂಡು ನೇರ ಅತ್ತೆಯ ಮುಂದೆ ಬಂದಳು. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬೇಡಮ್ಮ. ನೀನೇ ಹಾಕ್ಕೋ. ನನ್ನ ಕೈಲಿ ಇನ್ನು ಆಗಲ್ಲ."

"ಅತ್ತಿಗೆ, ಇವರಿಗೂ ನನಗೂ ನಾವು ಮರೆಯಲ್ಲ ಅನ್ನೋ ಧೈರ್ಯ ಇದೆ. ಆ ಧೈರ್ಯ ಇಲ್ಲದೇ ಇರೋರು ನೀವೊಬ್ಬರೇ. ಅದಕ್ಕೇ ನಿಮಗೆ ಕೊಡ್ತಿದೀನಿ."

ಅತ್ತೆ ಬೆನ್ನ ಹಿಂದಿನ ಕೈ ಬಿಡಿಸಿ ಮುಂದೆ ತಂದಳು. ಆಮೇಲೆ ಟವೆಲ್ ತೆಗೆದುಕೊಂಡಳು. ಹೆಗಲಿಗೆ ಹಾಕಲಿಲ್ಲ, ಎರಡೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಸಿಲಲ್ಲೇ ನಿಂತಳು. ಕಣ್ಣು ಉರಿಯತೊಡಗಿದಾಗ ತಾನಾಗಿ ಕರೆದು ತಮ್ಮನ ಹೆಂಡತಿಯ ಕೈಗೆ ಕೊಟ್ಟಳು, ಕೊಡುವಾಗ "ಕೊಟ್ಟೆ" ಅಂದಳು. "ತಗೊಂಡೆ" ಎನ್ನುವ ತನಕ ಬಿಡಲಿಲ್ಲ. ಆ ದಿನದಿಂದ ಮನೆಯಲ್ಲಿ ಅದೂ ಒಂದು ಕ್ರಮವಾಯಿತು.

ಮಕ್ಕಳು ಹೊರಗೆ ಬಂದರು. ಗೇಟಿಗೆ ಬೀಗ ಬಿತ್ತು, ಟವೆಲ್ ಮೊಳೆಗೆ ಹೋಯಿತು. ಅದು ಹೋದದ್ದನ್ನು ಅತ್ತೆ ಕಣ್ಣಾರೆ ಕಂಡಳು. ಬಾಲ ಎಂದಿನಂತೆ ಅವಳ ಬಟ್ಟೆ ಹಿಡಿದುಕೊಂಡು ಒಳಗೆ ಬಂತು. ಅಡುಗೆಮನೆಯಲ್ಲಿ ಚಾಕು ಕೈಗೆತ್ತಿಕೊಂಡವಳು ಕಿಟಕಿಯಿಂದ ನೋಡಿದಳು. ಟವೆಲ್ ಮೊಳೆಯ ಮೇಲೆಯೇ ಇತ್ತು. ಆದರೂ ಅವಳು ಚಾಕು ಕೆಳಗಿಟ್ಟು ತನ್ನ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು.