ಟೀಸಿ ಮಲ್ಲೇಶಪ್ಪನವರ ಒಂಟೆ

ಮಲ್ಲೇಶಪ್ಪನವರಿಗೆ ಮೆಲ್ಲಗೆ ಮಾತಾಡುವುದು ಗೊತ್ತಿರಲಿಲ್ಲ. ಒಂದೇ ಸಲ ಹೇಳಿ ಸುಮ್ಮನಾಗುವುದಂತೂ ಅವರ ಜಾಯಮಾನಕ್ಕೇ ಒಗ್ಗದ್ದು. ನಡುಮನೆಯಲ್ಲಿ ಕೂತು, "ಚಾ, ಚಾ, ಅಡಿಗಿ ಮನಿಯಿಂದ ನಡುಮನಿಗೆ ಬರೋ ಚಾ" ಎಂದು ಕೂಗಿದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ನಮ್ಮ ಅಡ್ಡರಸ್ತೆಯ ಅರ್ಧ ಹೆಂಗಸರು ತಂತಮ್ಮ ಒಲೆಯ ಕಡೆ ನೋಡುತ್ತಿದ್ದರು. ಅವರ ಹೆಂಡತಿ ಗೌರಕ್ಕ ಮಾತ್ರ ಕದಲುತ್ತಿರಲಿಲ್ಲ. "ಇನ್ನಾ ಡಿಪೋ ಬಿಟ್ಟಿಲ್ಲ, ಲೇಟಾಗ್ತೈತೆ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಮಲ್ಲೇಶಪ್ಪನವರು ಹರಿಹರದ ಬಸ್ ನಿಲ್ದಾಣದಲ್ಲಿ ಇಡೀ ಸರ್ವಿಸನ್ನು ಟಿ.ಸಿ. ಆಗಿ, ಅಂದರೆ ಬಸ್ಸುಗಳ ಬರುಹೋಗುವಿಕೆಯನ್ನು ಮೈಕಿನಲ್ಲಿ ಸಾರುವ ಕಂಟ್ರೋಲರ್ ಆಗಿ ಕಳೆದವರು. ನಿವೃತ್ತಿಯಾದಾಗ ಇಲಾಖೆಯವರು ಮೈಕನ್ನು ಇಟ್ಟುಕೊಂಡು ಗಂಟಲನ್ನಷ್ಟೇ ಮನೆಗೆ ಕಳಿಸಿದ್ದರು.

ಇಂಥವರು ಮಕ್ಕಳ ಕಾದಂಬರಿಗೆ ಕೈಹಾಕಿದರು. ಕಳೆದುಹೋದ ಬೊಂಬೆಯೊಂದು ಪ್ರೀತಿಸುವುದನ್ನು ಕಲಿಯುವ ಕಥೆ. ಸುದ್ದಿ ಕೇಳಿ ನಮ್ಮಪ್ಪ ಎರಡು ನಿಮಿಷ ನಕ್ಕರು. ನಾನು ನಗಲಿಲ್ಲ, ಆಕ್ಷೇಪ ಎತ್ತಿದೆ. ಆಗ ನಾನು ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ, ಯಾರಾದರೂ "ಇವತ್ತು ಸೆಕೆ" ಎಂದರೂ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳುವ ರೋಗ ಹತ್ತಿಸಿಕೊಂಡಿದ್ದೆ. ಬೊಂಬೆಗೆ ಮನಸ್ಸಿಲ್ಲ, ಮನಸ್ಸಿಲ್ಲದ್ದಕ್ಕೆ ಪ್ರೀತಿಯಿಲ್ಲ, ಆದ್ದರಿಂದ ಕಾದಂಬರಿಗೆ ವಿಷಯವೇ ಇಲ್ಲ ಎಂದು ಕಾಂಪೌಂಡಿನ ಈ ಕಡೆಯಿಂದ ವಾದಿಸಿದೆ. ಬೇರೆ ಲೇಖಕರಾಗಿದ್ದರೆ ಆ ಗಳಿಗೆಯಿಂದ ನನ್ನ ಮುಖ ನೋಡುತ್ತಿರಲಿಲ್ಲ. ಇವರು ಗೇಟು ತೆಗೆದು ಒಳಗೆ ಕರೆದರು.

"ಬಾರವ್ವ, ಕೂಡು. ಹೊಗಳೋರು ಬಸ್ಸಿನಾಗೆ ಸೀಟು ಹಿಡಿದು ಕುಂತೋರು. ಅವರಿಗೆ ಬಸ್ಸು ಕಾಣಂಗಿಲ್ಲ. ನೀನು ಸೀಟು ಸಿಗದೆ ಕೆಳಗ ನಿಂತೋಳು. ನಿನಗೇ ಅದರ ಟೈರು, ಡೆಂಟು ಎಲ್ಲಾ ಕಾಣೋದು."

ಅಂದಿನಿಂದ ನಾನು ಆ ಕಾದಂಬರಿಯ ವಿರೋಧ ಪಕ್ಷ ಮತ್ತು ಅದರ ಗುಮಾಸ್ತೆ, ಎರಡೂ ಆದೆ. ಏಕೆಂದರೆ ಅವರು ಬರೆಯುತ್ತಿರಲಿಲ್ಲ. ತಮ್ಮ ಕೈಗೆ ಗಾಡಿ ನಂಬರು ಬಿಟ್ಟರೆ ಬೇರೇನೂ ಬರೆದು ರೂಢಿಯಿಲ್ಲ ಎನ್ನುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರು ಹೇಳುತ್ತಾ ಹೋಗುವುದು, ನಾನು ಮೊಬೈಲಿನಲ್ಲಿ ಟೈಪು ಮಾಡುವುದು, ಅಧ್ಯಾಯ ಮುಗಿದ ಮೇಲೆ ಅದನ್ನು ಎದುರಿಗೇ ಖಂಡಿಸುವುದು. ಖಂಡನೆಯಲ್ಲಿ ಉಳಿದುಕೊಂಡ ಅಧ್ಯಾಯಕ್ಕೆ ಮಾತ್ರ ಮುಂದೆ ಹೋಗಲು ಪರವಾನಗಿ.

ಕಥೆಯ ನಾಯಕ ಅವರ ನಡುಮನೆಯ ಟಿ.ವಿ.ಯ ಪಕ್ಕದಲ್ಲೇ ಕೂತಿರುತ್ತಿತ್ತು: ಒಂದು ಬಟ್ಟೆಯ ಒಂಟೆ. ಎಲ್ಲ ಒಂಟೆಗಳಿಗೂ ಇರುವಂತೆ ಇದಕ್ಕೂ ತುಟಿ ಸೊಟ್ಟ. ಎದುರಿಗಿದ್ದವರು ಯಾರೇ ಆಗಲಿ, ತನ್ನ ಯೋಗ್ಯತೆಗೆ ಸಾಲದವರು ಎಂಬ ಮುಖಭಾವ. ಹಿಂದೆಂದೋ ದಾವಣಗೆರೆಯಿಂದ ಹರಿಹರಕ್ಕೆ ಬಂದ ಬಸ್ಸಿನ ಹಿಂದಿನ ಸೀಟಿನ ಕೆಳಗೆ ಸಿಕ್ಕಿದ್ದಂತೆ. ಬಸ್ಸಿನಲ್ಲಿ ಸಿಕ್ಕ ಕೊಡೆ, ಟಿಫನ್ ಡಬ್ಬಿಗಳಿಗೆ ಇಂತಿಷ್ಟು ದಿನ ಕಾದು ವಿಲೇವಾರಿ ಮಾಡುವುದು ನಿಯಮ. ಮಲ್ಲೇಶಪ್ಪನವರು ಕೊಡೆಗಳನ್ನು ವಿಲೇವಾರಿ ಮಾಡಿದರು. ಒಂಟೆಯನ್ನು ಮಾಡಲಿಲ್ಲ. ಕಳೆದುಕೊಂಡ ಮಗು ಬಂದೇ ಬರುತ್ತದೆಂದು ನಂಬಿ, ಒಂಟೆ ಸಿಕ್ಕಿದೆಯೆಂದು ದಿನಾ ಸಾಯಂಕಾಲ ಮೈಕಿನಲ್ಲಿ ಸಾರಿದರು, ನಿವೃತ್ತಿಯಾಗುವವರೆಗೂ. ಒಮ್ಮೆ ಒಬ್ಬ ಮನುಷ್ಯ ಹಗ್ಗ ಹಿಡಿದುಕೊಂಡೇ ಬಂದನಂತೆ. ಅವನು ಕಳೆದುಕೊಂಡಿದ್ದು ಜೀವಂತ ಒಂಟೆ. ಅವನನ್ನು ಬಿಟ್ಟರೆ ಯಾರೂ ಬರಲಿಲ್ಲ.

ಕಾದಂಬರಿಯಲ್ಲಿ ಈ ಒಂಟೆ ಊರೂರು ತಿರುಗುತ್ತದೆ. ಬಾತಿಯಲ್ಲಿ ಟೊಮೆಟೊ ಮಾರುವವಳ ತಲೆಯ ಮೇಲೆ, ಬುಟ್ಟಿಯ ಕೆಳಗೆ ಸಿಂಬೆಯಾಗುತ್ತದೆ. ಮಲ್ಲೇಶಪ್ಪನವರ ಹುಟ್ಟೂರು ಕೊಕ್ಕನೂರಿನಲ್ಲಿ ಭತ್ತದ ಗದ್ದೆಯ ಗಳಕ್ಕೆ ಕಟ್ಟಿಸಿಕೊಂಡು ಹಕ್ಕಿ ಓಡಿಸುತ್ತದೆ. ಹರಿಹರದ ಕ್ಷೌರದಂಗಡಿಯಲ್ಲಿ, ಕತ್ತರಿ ಕಂಡರೆ ಅಳುವ ಮಕ್ಕಳ ತಲೆಗೆ ಆನಿಕೆಯಾಗುತ್ತದೆ. ಪ್ರತಿ ಕಡೆಯೂ ಅದರ ಸೊಟ್ಟ ತುಟಿ ಒಂದು ಎಳೆಯಷ್ಟು ಸಡಿಲುತ್ತದೆ. ಎಲ್ಲಾ ಸರಿ, ಆದರೆ ಲೇಖಕರು ಟಿ.ಸಿ. ಎಂಬುದನ್ನು ಯಾವ ಅಧ್ಯಾಯವೂ ಮರೆಯಗೊಡುತ್ತಿರಲಿಲ್ಲ. ಟೊಮೆಟೊದವಳು ಒಂಟೆಯನ್ನು ಎದೆಗೊತ್ತಿಕೊಂಡು ಅಳುವ ಜಾಗ. ಟೈಪು ಮಾಡುತ್ತಿದ್ದ ನನ್ನ ಹೆಬ್ಬೆರಳಿಗೂ ಸ್ವಲ್ಪ ಹೇಗೋ ಆಗಿತ್ತು. ಅಷ್ಟರಲ್ಲಿ ಅಧ್ಯಾಯ ಮುಗಿಯಿತು ಎಂದುಬಿಟ್ಟರು.

ಅಳು ಅರ್ಧಕ್ಕೇ ನಿಂತಿತಲ್ಲ ಎಂದೆ.

"ಇನ್ನೆಷ್ಟು ಅಳ್ತಾಳೆ? ಸಂಜಿ ಶಟಲ್ ಬಿಡೋ ಹೊತ್ತಾತು. ಅದು ತಪ್ಪಿದರೆ ಒಂಟಿ ಕೊಕ್ಕನೂರು ಮುಟ್ಟದು ಹೆಂಗೆ?"

ಮಕ್ಕಳ ಕಥೆಯಲ್ಲಿ ಬಸ್ಸು ಸ್ವಲ್ಪ ತಡವಾಗಿ ಹೊರಡಬಹುದು ಎಂದೆ. ಅದಕ್ಕೆ ಅವರು, ಬೊಂಬೆ ಮಾತಾಡುತ್ತದೆ ಎಂದರೆ ನಂಬುವ ಮಕ್ಕಳೂ ಆ ಶಟಲ್ ತಡವಾಯಿತು ಎಂದರೆ ನಂಬುವುದಿಲ್ಲ ಎಂದರು. ಆ ಶಟಲ್ಲಿನಲ್ಲಿ ದಿನವೂ ತಡವಾಗಿ ಬಂದ ನನ್ನ ಅನುಭವವನ್ನು ಸಾಕ್ಷ್ಯವಾಗಿ ಅವರು ಒಪ್ಪಲಿಲ್ಲ.

ನನ್ನ ದೊಡ್ಡ ಆಕ್ಷೇಪ ಬೇರೆ ಇತ್ತು. ಸಿಂಬೆ, ಬೆದರುಬೊಂಬೆ, ಆನಿಕೆ ಇವೆಲ್ಲ ಉಪಯೋಗಗಳು. ಉಪಯೋಗಕ್ಕೆ ಇಟ್ಟುಕೊಂಡಿದ್ದನ್ನು ಪ್ರೀತಿ ಎನ್ನುವುದು ತರ್ಕದೋಷ ಎಂದು ಒಂದು ಭಾನುವಾರ ಪೂರ್ತಿ ವಾದಿಸಿದೆ. ಅವರು ಪೂರ್ತಿ ಕೇಳಿದರು.

"ನಿಮ್ಮವ್ವ ನಿನ್ನ ಕೈಲಿ ಕೊಬ್ರಿ ತುರಿಸ್ತಾಳೋ ಇಲ್ಲೋ?"

ತುರಿಸುತ್ತಾಳೆ ಎಂದೆ.

"ಹಂಗಾರೆ ನೀನೂ ಉಪಯೋಗದಾಕೆ. ಸುಮ್ನ ಬಿಟ್ಟಿ ಯಾರನ್ನ ಯಾರು ಇಟ್ಕೊಂಡಾರವ್ವ? ಇಟ್ಕೊಂಡು ಇಟ್ಕೊಂಡು ಹಿಂದಿಂದ ಏನೋ ಬರ್ತೈತೆ. ಮುಂದೆ ಬೋರ್ಡ್ ಹಾಕ್ಕೊಂಡು ಬರಂಗಿಲ್ಲ ಅದು."

ಒಳಗಿನಿಂದ ಗೌರಕ್ಕ, ತಮ್ಮ ಲಗ್ನವಾಗಿ ಇಷ್ಟು ವರ್ಷವಾದರೂ ಹಿಂದಿನಿಂದ ಏನೂ ಬಂದಿದ್ದು ಕಾಣಲಿಲ್ಲ ಎಂದರು. ಆ ದಿನದ ಚರ್ಚೆ ಅವರ ಪಾಲಾಯಿತು.

ಉಳಿದಿದ್ದು ಕೊನೆಯ ಅಧ್ಯಾಯ. ಮಲ್ಲೇಶಪ್ಪನವರು ಸಿಕ್ಕಿಕೊಂಡಿದ್ದು ಅಲ್ಲೇ. ಕಳೆದುಕೊಂಡ ಮಗು ಬಂದು ಒಂಟೆಯನ್ನು ಕರೆದೊಯ್ಯಬೇಕು, ಓದುವ ಮಕ್ಕಳು ಕಾಯುವುದು ಅದಕ್ಕೇ. ಆದರೆ ಬಸ್ಸು ನಿಲ್ದಾಣದೊಳಗೆ ಬರುವ ಮುಂಚೆ ಅದು ಬಂತೆಂದು ಅವರು ಸರ್ವಿಸಿನಲ್ಲಿ ಒಮ್ಮೆಯೂ ಕೂಗಿದವರಲ್ಲ. ಬಾರದ ಮಗು ಬಂತೆಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಬರಲಿಲ್ಲ ಎಂದು ಮುಗಿಸಲೂ ಮನಸ್ಸಿಲ್ಲ. ಹೀಗೆ ಎಷ್ಟೋ ಭಾನುವಾರಗಳು ಹೋದವು. ಪುಸ್ತಕವೊಂದು ಅಚ್ಚಾಗಿ ಕೈಗೆ ಬರಬೇಕು, ಅದನ್ನು ಹರಿಹರದ ನಿಲ್ದಾಣದಲ್ಲಿ ಯಾವುದಾದರೂ ಮಗು ಬಸ್ಸು ಕಾಯುತ್ತಾ ಓದಬೇಕು: ಈ ಆಸೆಯನ್ನು ಅವರು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದರು. ಒಂದೇ ಸಲ ಹೇಳಿದ್ದರಿಂದಲೇ ಅದು ಎಷ್ಟು ದೊಡ್ಡದೆಂದು ನನಗೆ ತಿಳಿಯಿತು.

ಆ ಆಸೆ ನಮ್ಮನ್ನು ಒಂದು ಮಕ್ಕಳ ಸಾಹಿತ್ಯ ಬಳಗದ ಮುಂದೆ ಕೂರಿಸಿತು. ಪುಸ್ತಕ ಪ್ರಕಟಿಸುವುದು ಈ ಬಳಗದ ಕೆಲಸ. ಪದಾಧಿಕಾರಿಗಳೆಲ್ಲ ತಮ್ಮ ಬಾಲ್ಯ ಮುಗಿದ ಮೇಲೆ ಮಕ್ಕಳ ಸಹವಾಸ ಮಾಡಿದವರಲ್ಲ. ಅಧ್ಯಕ್ಷರ ಮನೆಯಲ್ಲಿ ಸಭೆ. ಪೇಪರಿನ ಮೇಲೆ ಮಂಡಕ್ಕಿ ಸುರಿದು, ಮೆಣಸಿನಕಾಯಿ ಬಜ್ಜಿ ಇಟ್ಟು, ಮಕ್ಕಳ ಕೋಮಲ ಮನಸ್ಸಿನ ಬಗ್ಗೆ ಮಾತು ಶುರುವಾಯಿತು. ಒಂಟೆ ನಮ್ಮ ನೆಲದ ಪ್ರಾಣಿಯಲ್ಲ, ಎತ್ತು ಮಾಡಿ ಎಂದರು ಕಾರ್ಯದರ್ಶಿ. ಬೊಂಬೆ ಬರೀ ಪ್ರೀತಿ ಕಲಿತರೆ ಸಾಲದು, ಜೊತೆಗೆ ಸ್ವಚ್ಛತೆ ಮತ್ತು ನಾಡಿನ ಅಭಿಮಾನವನ್ನೂ ಕಲಿಯಲಿ ಎಂದರು ಖಜಾಂಚಿ. ಇನ್ನು ಕೊನೆಯಲ್ಲಿ ಮಗು ಬರಲೇಬೇಕು, ಇಲ್ಲದಿದ್ದರೆ ಪುಸ್ತಕವಿಲ್ಲ ಎಂದರು ಅಧ್ಯಕ್ಷರು, ಬಜ್ಜಿಯ ತೊಟ್ಟನ್ನು ಬದಿಗಿಡುತ್ತಾ.

ನಾನು ಎದ್ದು ನಿಂತೆ. ಕೂತೇ ಮಾತಾಡಬಹುದಿತ್ತು, ಆದರೆ ಅಭ್ಯಾಸ. ತಿಂಗಳುಗಟ್ಟಲೆ ವಿರೋಧಿಸಿದ ಕಾದಂಬರಿಯನ್ನು ಪದ ಪದಕ್ಕೂ ಸಮರ್ಥಿಸಿದೆ. ನೋವು ತಾಗದ ಹಾಗೆ ಮಕ್ಕಳಿಗೆ ಕಥೆ ಹೇಳುವುದು ಅವರಿಗೆ ಮಾಡುವ ಅವಮಾನ ಎಂದೆ. ನೀವು ಹೇಳುವ ಮಕ್ಕಳು ಯಾರು, ಅವರನ್ನು ಯಾವತ್ತಾದರೂ ಕೇಳಿದ್ದೀರಾ ಎಂದೆ. ಈ ಸವಾಲಿಗೆ ಅಧ್ಯಕ್ಷರು ಸೋಫಾದ ಮೂಲೆಯಲ್ಲಿ ಮೊಬೈಲು ನೋಡುತ್ತಿದ್ದ ಮೊಮ್ಮಗಳನ್ನು ಕರೆದರು. ಕಥೆಯನ್ನು ಚಿಕ್ಕದಾಗಿ ಹೇಳಿ, ಕೊನೆಗೆ ಆ ಪಾಪು ಒಂಟೆ ಹುಡುಕಿಕೊಂಡು ಬರಬೇಕಲ್ವಾ ಪುಟ್ಟಾ ಎಂದು ಕೇಳಿದರು.

ಹುಡುಗಿ ತಲೆಯೆತ್ತದೆ, "ಅದ್ಯಾಕ ಬರ್ತದೆ ತಾತ? ಅವರಪ್ಪ ಅವತ್ತೇ ಬ್ಯಾರೆ ಬೊಂಬಿ ಕೊಡ್ಸಿರ್ತಾನೆ" ಎಂದಳು.

ಬಳಗದವರು ನಕ್ಕರು. ನಾನೂ ನಕ್ಕೆ, ವಾದ ಗೆದ್ದ ಖುಷಿಗೆ. ಮಲ್ಲೇಶಪ್ಪನವರು ಮಂಡಕ್ಕಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅಷ್ಟು ವರ್ಷ ಮೈಕಿನಲ್ಲಿ ಕೂಗಿದವರಿಗೆ ಈ ಸಾಧ್ಯತೆ ಒಂದು ದಿನವೂ ಹೊಳೆದಿರಲಿಲ್ಲವೆಂದು ಅವರ ಮುಖ ನೋಡಿದಾಗ ಗೊತ್ತಾಯಿತು. ಪ್ರಕಟಣೆಯ ಮಾತು ಅಲ್ಲಿಗೇ ಬಿತ್ತು.

ಮುಂದಿನ ಭಾನುವಾರ ಅವರು ಒಂಟೆಯನ್ನು ಚೀಲಕ್ಕೆ ಹಾಕಿಕೊಂಡು ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೊರಟರು. ದಾರಿಯಲ್ಲಿ ವಿಷಯ ಹೇಳಿದರು. ಯಾರೂ ಬರುವುದಿಲ್ಲವೆಂದು ಖಾತ್ರಿಯಾಯಿತು. ಇನ್ನು ಒಂಟೆಯನ್ನು ಟಿ.ವಿ. ಪಕ್ಕದಲ್ಲಿ ಕೂರಿಸಿ ಕಾಯಿಸುವುದು ಅನ್ಯಾಯ. ಯಾವುದಾದರೂ ಬಸ್ಸಿನಲ್ಲಿ ಬಿಟ್ಟುಬಿಡುವುದು. ಅದು ಹೋದ ಹಾಗೆ ಕಾದಂಬರಿ ಮುಗಿಯಲಿ. ಇದು ಬೀಳ್ಕೊಡುಗೆಯಲ್ಲ, ಸಾರ್ವಜನಿಕ ವಾಹನದಲ್ಲಿ ಕಸ ಹಾಕುವುದು ಎಂದೆ. ಆಗಲಿ ಎಂದರು.

ರಾಣೆಬೆನ್ನೂರಿನ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದ ಸೀಟಿನಲ್ಲಿ ಒಂಟೆಯನ್ನು ಕೂರಿಸಿ, ಮುಖ ಹೊರಗೆ ಕಾಣುವಂತೆ ತಿರುಗಿಸಿ, ಇಳಿದು ಬಂದು ಕಲ್ಲುಬೆಂಚಿನ ಮೇಲೆ ಕೂತರು. ಬಸ್ಸು ಹೊರಟಿತು. ಅವರು ಅತ್ತ ನೋಡಲಿಲ್ಲ. ಗೇಟು ದಾಟುವ ಹೊತ್ತಿಗೆ ಬಸ್ಸು ಗಕ್ಕನೆ ನಿಂತು, ಕಂಡಕ್ಟರ್ ಖಾದರ್ ಒಂಟೆಯನ್ನು ಕಂಕುಳಲ್ಲಿಟ್ಟುಕೊಂಡು ಓಡಿ ಬಂದ. ಮಲ್ಲೇಶಪ್ಪನವರ ಕೈಕೆಳಗೆ ಪಳಗಿದವನು.

"ಸಾರ್, ನಿಮ್ಮ ಒಂಟಿ ಬಿಟ್ಟು ಇಳಿದೀರಿ."

ನನ್ನದಲ್ಲ ಎಂದರು ಮಲ್ಲೇಶಪ್ಪ. ಅಷ್ಟರಲ್ಲಿ ಚಹಾದಂಗಡಿಯವನು, ಪೇರಲಕಾಯಿಯ ಮುದುಕಿ, ಈಗಿನ ಕಂಟ್ರೋಲರ್ ಎಲ್ಲ ಸೇರಿದರು. ಆ ನಿಲ್ದಾಣದಲ್ಲಿ ಯಾವ ವಸ್ತುವನ್ನಾದರೂ ಕಳೆದುಕೊಳ್ಳಬಹುದು, ಆ ಒಂಟೆಯನ್ನು ಮಾತ್ರ ಕಳೆದುಕೊಳ್ಳುವುದು ಸಾಧ್ಯವಿರಲಿಲ್ಲ. ನಿಮ್ಮದಲ್ಲದಿದ್ದರೆ ಕಾನೂನು ಪ್ರಕಾರ ಕೊಠಡಿಗೆ ಜಮಾ ಮಾಡಿ ವಿಲೇವಾರಿ ಮಾಡುತ್ತೇವೆ ಎಂದ ಕಂಟ್ರೋಲರ್. ನಿಮ್ಮದೇ ಆದರೆ ಗುರುತು ಹೇಳಿ ತೆಗೆದುಕೊಂಡು ಹೋಗಿ ಎಂದೂ ಸೇರಿಸಿದ. ಸಿಕ್ಕ ವಸ್ತುವಿನ ಗುರುತು ಹೇಳಿಸಿಕೊಳ್ಳದೆ ಕೊಡಬಾರದೆಂಬ ಪದ್ಧತಿ ಹಾಕಿಕೊಟ್ಟವರು ಮಲ್ಲೇಶಪ್ಪನವರೇ. ಅವರ ಕೈಕೆಳಗೆ ಪಳಗಿದ ಹುಡುಗರೇ ಈಗ ತಮಾಷೆಗೆ ನಿಂತಿದ್ದರು.

"ಹೇಳ್ರಿ ಸಾರ್, ಗುರ್ತು ಹೇಳ್ರಿ" ಎಂದ ಖಾದರ್, ಒಂಟೆಯನ್ನು ಬೆನ್ನ ಹಿಂದೆ ಮರೆಮಾಡಿ.

ಮಲ್ಲೇಶಪ್ಪನವರು ನೆಲ ನೋಡುತ್ತಾ ಹೇಳತೊಡಗಿದರು.

"ಎಡಗಿವಿ ಇಲ್ಲ. ಹೊಟ್ಟಿಗೆ ನೀಲಿ ದಾರದ ಹೊಲಿಗಿ, ನಮ್ಮ ಮನಿಯಾಕಿ ಹಾಕಿದ್ದು. ಬಲಗಾಲು ಮೆತ್ತಗಾಗೇತೆ, ನಾನು ಟಿ.ವಿ. ನೋಡ್ತಾ ಅಮುಕಿ ಅಮುಕಿ. ಕುತ್ತಿಗಿ ಹಿಂದ ಮೂಸಿದರೆ ನನ್ನ ನಶ್ಯದ ವಾಸನಿ ಐತೆ." ಕೈ ಚಾಚಿ, "ನಂದು" ಎಂದರು.

ಯಾರೂ ನಗಲಿಲ್ಲ. ಖಾದರ್ ಒಂಟೆಯನ್ನು ಎರಡೂ ಕೈಯಲ್ಲಿ ಕೊಟ್ಟು ಬಸ್ಸಿನ ಕಡೆ ಓಡಿದ.

ವಾಪಸು ಬರುವಾಗ ಅವರು ಒಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಬಿಡಲಿಲ್ಲ. ಖಾದರ್ ಮಾಡಿದ್ದು ಪ್ರೀತಿಯಲ್ಲ, ಇಲಾಖೆಯ ಶಿಸ್ತು ಎಂದೆ.

"ಇರ್ಲಿ ಬಿಡವ್ವ. ಬರ್ಕೋ" ಎಂದು ಕೊನೆಯ ಅಧ್ಯಾಯ ಹೇಳಲು ಶುರು ಮಾಡಿದರು. ಎಷ್ಟು ಮೆಲ್ಲಗೆಂದರೆ, ಇಂಜಿನ್ನಿನ ಸದ್ದಿನಲ್ಲಿ ಕೇಳಿಸದೆ ಅವರ ಬಾಯಿಯ ಹತ್ತಿರ ಕಿವಿ ಇಟ್ಟು ಟೈಪು ಮಾಡಿದೆ. 'ಒಂಟೆಯನ್ನು ಹುಡುಕಿಕೊಂಡು ಯಾವ ಮಗುವೂ ಬರಲಿಲ್ಲ. ಆದರೆ ಅದು ಎರಡನೇ ಸಲ ಕಳೆದಾಗ, ಒಬ್ಬ ಮುದುಕನಿಗೆ ಅದರ ಎಲ್ಲಾ ಗುರುತೂ ಬಾಯಿಗೆ ಬರುತ್ತಿತ್ತು' ಎಂದು ಅದು ಆರಂಭವಾಗುತ್ತದೆ. ಬಾತಿ ದಾಟಿ ದಾವಣಗೆರೆಯೊಳಗೆ ಬರುವಷ್ಟರಲ್ಲಿ ಮುಗಿಯುತ್ತಾ ಬಂತು. ಬಸ್ಸು ನಿಂತು ಎಲ್ಲರೂ ಇಳಿದರೂ ಅವರು ಒಂದು ವಾಕ್ಯ ಬಾಕಿ ಇದೆ ಎಂದು ಕೂತೇ ಇದ್ದರು. ಇಳಿಯಿರಿ ಎಂದು ಡ್ರೈವರ್ ರೇಗಿದ. ಅದನ್ನು ಹೇಳಿ ಮುಗಿಸಿಯೇ ಇಳಿದರು.

ಆ ವಾರದ ನಡುವೆ ಅವರು ತೀರಿಕೊಂಡರು, ಮಧ್ಯಾಹ್ನ ಮಲಗಿದವರು ಏಳಲೇ ಇಲ್ಲ. ಸುದ್ದಿ ತಿಳಿದ ಬಳಗ ಕೂಡಲೇ ಸಂತಾಪ ಸೂಚಿಸಿ, ನಾನು ಟೈಪು ಮಾಡಿದ್ದನ್ನು ತರಿಸಿಕೊಂಡು ಪುಸ್ತಕವನ್ನೂ ತಂದಿತು. ಬದುಕಿರುವ ಲೇಖಕರ ಜೊತೆ ವ್ಯವಹರಿಸುವ ಕಷ್ಟ ತಪ್ಪಿತ್ತಲ್ಲ. ಮುಖಪುಟದಲ್ಲಿ ಮರಳುಗಾಡು, ಖರ್ಜೂರದ ಮರ. ಒಂದು ಬಸ್ಸೂ ಇಲ್ಲ. ಬೊಂಬೆ ಕೊನೆಗೆ ಮನೆ ಸೇರಿದ್ದು ತಮ್ಮ ಸಲಹೆಯಿಂದ ಎಂದು ಅಧ್ಯಕ್ಷರು ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಅದು ಸೇರಿದ್ದು ಯಾರ ಮನೆ ಎಂದು ತಿಳಿಯಲು ಪುಸ್ತಕ ಓದಬೇಕಾಗುತ್ತಿತ್ತು. ಗೌರಕ್ಕ ಒಂದು ಪ್ರತಿಯನ್ನು ಹರಿಹರದ ಕಂಟ್ರೋಲರ್ ಕೊಠಡಿಗೆ ಕಳಿಸಿದರು. ಬಸ್ಸು ತಡವಾದಾಗ ಮಕ್ಕಳ ಕೈಗೆ ಕೊಡುತ್ತಾರಂತೆ. ಹಾಗಾಗಿ ಅದು ಬಹಳ ಓದಿಸಿಕೊಂಡಿದೆ.

ಕೊನೆಯ ಅಧ್ಯಾಯವನ್ನು ಖಂಡಿಸಲು ಮಲ್ಲೇಶಪ್ಪನವರು ನನಗೆ ಮುಂದಿನ ಭಾನುವಾರ ಕೊಟ್ಟಿದ್ದರು. ಎರಡು ಆಕ್ಷೇಪ ತಯಾರು ಮಾಡಿ ಇಟ್ಟುಕೊಂಡಿದ್ದೆ. ಎರಡೂ ಗಟ್ಟಿಯಾದವು, ಸುಲಭಕ್ಕೆ ಉತ್ತರ ಸಿಗುವಂಥವಲ್ಲ. ಬೇರೆ ಯಾರ ಮುಂದೆಯೂ ಅವನ್ನು ಎತ್ತಿಲ್ಲ.