ಹೆಣವಿಲ್ಲದ ಮನೆಯ ಅಳುಹಾಡು

ಬಾರ್ಬ್ರಾಳನ್ನು ಊರವರು ಎರಡು ನಾಲಗೆಯವಳು ಎಂದು ರೇಗಿಸುತ್ತಿದ್ದರು. ಅವಳ ನಾಟಕದಲ್ಲಿ ಐರ್ಲೆಂಡಿನ ಕಾನಮಾರಾದ ಕಡಲಂಚಿನವರಿಗೆ ಐರಿಷ್ ಮಾತು, ಗಾಲ್ವೇ ಪೇಟೆಯಿಂದ ಬರುವವರಿಗೆ ಅದೇ ಮಾತು ಇಂಗ್ಲಿಷಿನಲ್ಲಿ. ಊರವರು ನಕ್ಕು ಮುಗಿಸಿದ ಮೇಲೆ ಪೇಟೆಯವರು ನಗುತ್ತಾರೆ; ಅದನ್ನು ನೋಡಿ ಊರವರು ಇನ್ನೊಮ್ಮೆ ನಗುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಅವಳ ಬದುಕು.

ಈ ಸಲದ್ದು ಕಡಲು ಪಾಲಾದವನ ಕಥೆ. ನಡುವೆ ಅಳುಹಾಡು ಬೇಕು, ಸತ್ತವನ ಸುತ್ತ ಕೂತು ಹೆಂಗಸರು ಹಾಡಿ ಅಳುವಂಥದ್ದು. ಅದು ಪೂರ್ತಿ ಬರುವುದು ಸೋದರತ್ತೆ ನೋರೀನ್ ಒಬ್ಬಳಿಗೇ. ವಯಸ್ಸು ಎಂಬತ್ತೊಂದು, ಮೊಂಡು ಅಂದರೆ ಮೊಂಡು ಮುದುಕಿ. ಶುಕ್ರವಾರ ನಾಟಕ, ಬಾರ್ಬ್ರಾ ಮೂರು ತಿಂಗಳಿಂದ ಗೋಗರೆಯುತ್ತಿದ್ದಳು.

“ಹೆಣ ಇಲ್ದೆ ಅಳೋದಾ? ಸಾವನ್ನ ಮನೆಗೆ ಕರ್ದಂಗೆ ಕಣೇ! ತಲೆ ನೆಟ್ಟಗಿದ್ಯಾ ನಿಂಗೆ?”

“ಬರೀ ನಾಟಕ ಅಲ್ವಾ ಅತ್ತೆ.”

“ಹಾಗಾದ್ರೆ ನೀನೇ ಸಾಯಿ, ಬಂದು ಅಳ್ತೀನಿ.”

ಸೋಮವಾರ ಮಧ್ಯಾಹ್ನ ಅತ್ತೆ ಬ್ರೆಡ್ಡು ಕೊಡಲೆಂದು ಊರ ಹಾಲ್‌ಗೆ ಬಂದಳು. ಅಲ್ಲಿ ಬಾರ್ಬ್ರಾ ಒಬ್ಬಳೇ ಇದ್ದಳು. ಮೇಜಿನ ಮೇಲೆ ಹೆಣದ ಬದಲು ಒಂದು ಹಳೆಯ ಸ್ವೆಟರ್ ಹರಡಿತ್ತು. ಅಪ್ಪನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು, ಯಾರದೆಂದೂ ಕೇಳದೆ, ತಂದು ಹಾಕಿದ್ದಳು ಪುಣ್ಯಾತ್ಗಿತ್ತಿ. ಅತ್ತೆ ಮೊಣಕೈಯ ಹಸಿರು ರಫು ಮುಟ್ಟಿದಳು.

“ಇದು ನಾನೇ ಹಾಕಿದ್ದು. ಬೂದು ನೂಲು ಮುಗ್ದಿತ್ತು. ಕೋಲಮ್ ಬೈದಿದ್ದ.”

ಕೋಲಮ್ ಅತ್ತೆಯ ತಮ್ಮ, ಹತ್ತೊಂಬತ್ತಕ್ಕೇ ದೋಣಿ ಸಮೇತ ಮುಳುಗಿದವನು. ಹೆಣ ಸಿಗಲಿಲ್ಲ. ಹೆಣವಿಲ್ಲವೆಂದು ಮನೆಯಲ್ಲಿ ಯಾರೂ ಹಾಡಿ ಅಳಲೂ ಇಲ್ಲ. ಅರವತ್ತು ವರ್ಷವಾಗಿತ್ತು.

“ತಪ್ಪಾಯ್ತು ಅತ್ತೆ, ತೆಗ್ದುಬಿಡ್ತೀನಿ.”

“ಮುಟ್ಬೇಡ.”

ಮೇಜಿನ ಅಂಚು ಹಿಡಿದು ಅತ್ತೆ ಶುರುಮಾಡಿದಳು. ಒಂದೊಂದು ಚರಣ ಮುಗಿದಾಗಲೂ ಕೂಡಿದವರೆಲ್ಲ ದನಿಗೂಡಿಸಿ ಅಳಬೇಕು. ಬೇರೆ ಯಾರಿದ್ದರು? ಬಾರ್ಬ್ರಾಳೇ ದನಿ ಎತ್ತಿದಳು. ಆಮೇಲೆ ನಿಜವಾಗಿಯೂ ಅತ್ತಳು.

ಮುಗಿದ ಮೇಲೆ “ಶುಕ್ರವಾರನೂ ಹೀಗೇ...” ಎಂದು ಬಾರ್ಬ್ರಾಳ ಬಾಯಿಂದ ಬಂದೇಬಿಟ್ಟಿತು. ತಕ್ಷಣ ನಾಚಿಕೆಯಾಯಿತು.

“ಒಬ್ಬನಿಗೆ ಒಂದೇ ಸಲ ಕಣೇ. ನನ್ ತಮ್ಮ ಈಗ ಹೋದ,” ಎಂದು ಅತ್ತೆ ಮೂಗು ಒರೆಸಿಕೊಂಡಳು.

ಊರಲ್ಲಿ ಇಂಥ ಸುದ್ದಿ ನಿಲ್ಲುತ್ತದೆಯೇ? ಶುಕ್ರವಾರ ಸಂಜೆ ಹಾಲ್ ಕಿಕ್ಕಿರಿದಿತ್ತು. ಅಳುಹಾಡಿನ ಜಾಗ ಬಂದಾಗ ಬಾರ್ಬ್ರಾ ಬರಿಯ ಮೇಜಿನ ಪಕ್ಕ ಸುಮ್ಮನೆ ನಿಂತಳು. ಅವಳಿಗೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಏಡಿ ಹಿಡಿಯುವ ಬಾರ್ಟ್ಲಿ ಹಿಂದಿನಿಂದ ಎದ್ದು ಬಂದ. ಕಂಕುಳಲ್ಲಿದ್ದ ಅಂಗಿಯನ್ನು ಮೇಜಿನ ಮೇಲೆ ಹಾಸಿ, ತೋಳುಗಳನ್ನು ನೆಟ್ಟಗೆ ಮಾಡಿದ.

“ನೋರೀನಕ್ಕಾ, ನಮ್ಮಪ್ಪನೂ ಸಿಗ್ಲಿಲ್ಲ.”

ಮುಂದಿನ ಸಾಲಿನಿಂದ ಅತ್ತೆ ಎದ್ದಳು. ಇಂಗ್ಲಿಷಿಗೆ ಕಾದಿದ್ದ ಪೇಟೆಯವರು ಬಾರ್ಬ್ರಾಳ ಮುಖ ನೋಡಿದರು. ಊರ ಹೆಂಗಸರು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಿದ್ದರು. ಅವರಿಗೆ ಜಾಗ ಬಿಟ್ಟು ಅವಳೂ ಅವರ ನಡುವೆ ನಿಂತಳು.

“ಹೆಸರು ಹಿಡ್ದು ಕರಿ ಮಗಾ,” ಎಂದಳು ಅತ್ತೆ.

ಬಾರ್ಟ್ಲಿ ಅಪ್ಪನನ್ನು ಕರೆದ.